ಚಾಪ್‌ಸ್ಟಿಕ್ ಬರಲ್ವಾ? ಹಸ್ಕೊಂಡು ಏಳಬೇಡಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಾವು ನಾಲ್ಕು ಜನ, ನಾಲ್ಕು ತಾಲ್ಲೂಕು, ಜಿಲ್ಲೆ ಮಾತ್ರ ಒಂದೇ, ದಾವಣಗೆರೆ. ನಾಲ್ವರೂ ಕೈಯಲ್ಲಿ ಉಂಡು ಬೆಳೆದವರು. ಹೋದ ಸೆಮಿಸ್ಟರ್‌ನಲ್ಲಿ ಪ್ಲೇಸ್‌ಮೆಂಟ್ ಆದ ಖುಷಿಗೆ ಸೀನಿಯರ್ ಒಬ್ಬರು ನಮ್ಮನ್ನು ಬೆಂಗಳೂರಿನ ಒಂದು ಜಪಾನಿ ಹೋಟೆಲಿಗೆ ಕರ್ಕೊಂಡು ಹೋದ್ರು. ಟೇಬಲ್ ಮೇಲೆ ಎರಡೆರಡು ಕಡ್ಡಿ, ಚಮಚ ಇಲ್ಲ.

ಮೂವರು ಹೇಗೋ ಒದ್ದಾಡಿ ತಿಂದ್ವಿ. ಜಗಳೂರಿನವನು ಎರಡು ಸಲ ಅನ್ನ ಬೀಳಿಸಿಕೊಂಡ. ನಾವು ನಕ್ಕುಬಿಟ್ವಿ. ಆಮೇಲೆ ಅವನು "ಹಸಿವಿಲ್ಲ ಅಣ್ಣಾ" ಅಂತ ಕೈ ಕಟ್ಟಿ ಕೂತ. ರಾತ್ರಿ ಹಾಸ್ಟೆಲ್‌ಗೆ ಬಂದು ಎರಡು ಪ್ಯಾಕೆಟ್ ಬಿಸ್ಕೆಟ್ ಖಾಲಿ ಮಾಡಿದಾಗಲೇ ನಮಗೆ ಗೊತ್ತಾಗಿದ್ದು, ಅವನಿಗೆ ಹಸಿವಿತ್ತು ಅಂತ.

ಇಂಥ ಟೇಬಲ್ ನಿಮ್ಮಲ್ಲಿ ಯಾರಿಗಾದ್ರೂ ಎದುರಾಗಬಹುದು. ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಇದೆ. ಜಪಾನ್, ಕೊರಿಯಾ ಕಂಪನಿಗಳಿಗೆ ಸೇರಬೇಕು ಅನ್ನೋರು ನಮ್ಮ ಕ್ಲಾಸಲ್ಲೇ ಇದ್ದಾರೆ. ಅದಕ್ಕೇ ನಾವು ಕೂತು ಕಲಿತದ್ದನ್ನು ಇಲ್ಲಿ ಬರೀತಿದ್ದೀವಿ.

ಮೊದಲು ಹಿಡಿಯೋದು ಹೇಗೆ ಅಂತ ನೋಡೋಣ. ಎರಡೂ ಕಡ್ಡಿ ಅಲ್ಲಾಡಬೇಕು ಅನ್ಕೊಂಡಿದ್ದೇ ನಮ್ಮ ತಪ್ಪು. ಕೆಳಗಿನದು ಫಿಕ್ಸೆಡ್. ಅದು ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡು ಉಂಗುರ ಬೆರಳಿನ ಮೇಲೆ ಕೂರುತ್ತೆ. ಮೇಲಿನದನ್ನು ಪೆನ್ ಹಿಡಿದ ಹಾಗೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಲ್ಲಿ ಹಿಡಿದು ಅದೊಂದನ್ನೇ ಆಡಿಸಬೇಕು. ಇದು ಥರ್ಡ್ ಕ್ಲಾಸ್ ಲಿವರ್, ಚಿಮಟದ ಥರ. ಬೆರಳು ಸ್ವಲ್ಪ ಅಲ್ಲಾಡಿದ್ರೆ ತುದಿ ಜಾಸ್ತಿ ಅಲ್ಲಾಡುತ್ತೆ. ಕಷ್ಟ ಆದ್ರೆ ಇನ್ನೊಂಚೂರು ಕೆಳಗೆ ಹಿಡೀರಿ. ತುದಿ ಕಮ್ಮಿ ತೆರೆಯುತ್ತೆ, ಆದ್ರೆ ಹಿಡಿತ ಬಿಗಿಯಾಗುತ್ತೆ. ಜಪಾನಿನ ಅನ್ನ ಸ್ವಲ್ಪ ಅಂಟು ಇರೋದ್ರಿಂದ ಒಂದೊಂದೇ ಅಗುಳು ಹೆಕ್ಕಬೇಕಿಲ್ಲ, ಉಂಡೆಯಾಗಿಯೇ ಬರುತ್ತೆ.

ಇನ್ನು ಮರ್ಯಾದೆಯ ವಿಷಯ. ಅನ್ನ ಬೀಳೋದು ದೊಡ್ಡ ತಪ್ಪಲ್ಲ. ನಿಜವಾಗಿ ಮಾಡಬಾರದ್ದು ಎರಡಿವೆ. ಒಂದು, ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸೋದು. ಜಪಾನಿನಲ್ಲಿ ತೀರಿಕೊಂಡವರಿಗೆ ಅನ್ನ ಇಡೋದು ಹಾಗೆ. ಎರಡು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸೋದು. ಅಲ್ಲಿ ಶವ ಸುಟ್ಟ ಮೇಲೆ ಮೂಳೆಗಳನ್ನು ಹಾಗೆ ಎತ್ತುತ್ತಾರೆ. ಸಾವಿನ ಮನೇಲಿ ಮಾಡೋದನ್ನ ಊಟದ ಹೊತ್ತಲ್ಲಿ ಮಾಡಬಾರ್ದು ಅನ್ನೋದು ನಮ್ಮ ಅಜ್ಜಿಯರಿಗೂ ಗೊತ್ತಿರೋ ಮಾತೇ. ಇವೆರಡನ್ನು ಬಿಟ್ರೆ, ಕಡ್ಡಿಯಲ್ಲಿ ಯಾರನ್ನೂ ತೋರಿಸಬೇಡಿ, ತಿನಿಸನ್ನು ಚುಚ್ಚಿ ಎತ್ತಬೇಡಿ. ತಿನ್ನದೇ ಇರುವಾಗ ಕಡ್ಡಿಗಳನ್ನು ಅದಕ್ಕಂತ ಇಟ್ಟಿರೋ ಪುಟ್ಟ ಆಸರೆ ಮೇಲೆ ಮಲಗಿಸಿ.

ಸಲೀಸಾದ ದಾರಿಗಳೂ ಇವೆ. ಜಪಾನಿನಲ್ಲಿ ಬಟ್ಟಲನ್ನು ಕೈಗೆತ್ತಿಕೊಂಡು ಬಾಯಿ ಹತ್ತಿರ ತಂದು ತಿನ್ನಬಹುದು, ಬೀಳೋದು ಅರ್ಧ ಕಮ್ಮಿಯಾಗುತ್ತೆ. ಕೊರಿಯಾದಲ್ಲಿ ಮಾತ್ರ ಬಟ್ಟಲು ಟೇಬಲ್ ಮೇಲೇ ಇರಬೇಕು. ಆದ್ರೆ ಅಲ್ಲಿ ಅನ್ನಕ್ಕೂ ಸೂಪಿಗೂ ಚಮಚವೇ ಕೊಡ್ತಾರೆ. ಸುಶಿಯನ್ನು ಕೈಯಲ್ಲೇ ತಿಂದ್ರೂ ತಪ್ಪಿಲ್ಲ. ಥಾಯ್ಲೆಂಡ್‌ನಲ್ಲಿ ಅನ್ನವನ್ನು ಚಮಚ, ಫೋರ್ಕ್‌ನಲ್ಲೇ ತಿಂತಾರೆ. ಅಲ್ಲಿ ಅನ್ನಕ್ಕೆ ಕಡ್ಡಿ ಕೇಳಿದ್ರೆ ಅವರಿಗೇ ಆಶ್ಚರ್ಯ.

ಇದ್ಯಾವುದೂ ಆಗದಿದ್ರೆ ಚಮಚ ಕೇಳಿ. ಜಪಾನಿ ಭಾಷೆಯಲ್ಲೂ ಅದಕ್ಕೆ "ಸುಪೂನ್" ಅಂತಲೇ ಅನ್ನೋದು. ಮೊದಲು ಒಂದು ಸಲ ಕಡ್ಡಿ ಹಿಡಿದು ನೋಡಿ, ಬರದಿದ್ರೆ ನಗ್ತಾ ಕೇಳಿ. ತಟ್ಟೆ ತುಂಬಾ ಊಟ ಬಿಟ್ಟು ಏಳೋದಕ್ಕಿಂತ ಅದು ಎಷ್ಟೋ ಮೇಲು. ಕರೆದವರಿಗೆ ಬೇಜಾರಾಗೋದು ನಿಮ್ಮ ಕೈಯಲ್ಲಿ ಚಮಚ ಕಂಡಲ್ಲ, ನೀವು ಉಣ್ಣದೇ ಕೂತಿದ್ದು ಕಂಡು.

ಇದು ನಮಗೆ ಪೂರ್ತಿ ಅರ್ಥವಾಗಿದ್ದು ಜಗಳೂರಿನಲ್ಲೇ. ದಸರಾ ರಜೆಗೆ ನಾವೆಲ್ಲ ಅವನ ಮನೆಗೆ ಹೋಗಿದ್ವಿ, ಜೊತೆಗೆ ಬಿಹಾರದ ರೂಮ್‌ಮೇಟ್. ರಾಗಿ ಮುದ್ದೆ, ಸಾರು ಬಡಿಸಿದ್ರು. ಪಾಪ, ಅವನು ಮುದ್ದೆಯನ್ನು ಅಗಿದ, ಹಲ್ಲಿಗೆಲ್ಲ ಅಂಟಿತು. ಮುರಿದು, ಸಾರಲ್ಲಿ ಅದ್ದಿ, ಅಗಿಯದೇ ನುಂಗಬೇಕು ಅಂತ ಅವನಿಗೆ ಹೇಗೆ ಗೊತ್ತಿರಬೇಕು? ಅಲ್ಲಿ ಯಾರೂ ನಗಲಿಲ್ಲ. ಗೆಳೆಯನ ಅವ್ವ ಒಳಗಿಂದ ಒಂದು ಚಮಚ ತಂದು ತಟ್ಟೆ ಪಕ್ಕ ಇಟ್ಟು, "ಹೆಂಗ್ ಬರ್ತೈತೋ ಹಂಗ್ ಉಣ್ಣಪ್ಪ" ಅಂದ್ರು. ಅವನಿಗೆ ಕನ್ನಡ ಬರಲ್ಲ, ಆದ್ರೂ ಅರ್ಥ ಆಯ್ತು. ಎರಡನೇ ಸಲ ಸಾರು ಹಾಕಿಸಿಕೊಂಡ.

ಬೆಂಗಳೂರಿನ ಆ ಟೇಬಲ್‌ನಲ್ಲಿ ಒಂದು ಚಮಚ ತರಿಸೋಕೆ ನಮಗೆ ಅರ್ಧ ನಿಮಿಷ ಸಾಕಿತ್ತು. ನಾವು ನಕ್ವಿ. ಮುಂದಿನ ಸಲ ಪಕ್ಕದವರು ಒದ್ದಾಡ್ತಿರೋದು ಕಂಡ್ರೆ, ಅವರು ಕೇಳೋ ಮೊದಲೇ ನೀವು ಎರಡು ಚಮಚ ತರಿಸಿ. ಒಂದು ಅವರಿಗೆ, ಒಂದು ನಿಮಗೆ.