ಎನ್‌ಕ್ಲೆಕ್ಸ್ ಮತ್ತೆ ಫೇಲಾದರೆ: ಮುಂದಿನ 45 ದಿನ ಏನು ಮಾಡಬೇಕು?

ಬಿಎಸ್ಸಿ ನರ್ಸಿಂಗ್ ಮುಗಿಸಿ ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದರೆ ನಮ್ಮಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸಕ್ಕೆ ಸೇರಬಹುದು. ಅಮೆರಿಕದಲ್ಲಿ ಹಾಗಲ್ಲ. ಪದವಿಯ ಜೊತೆಗೆ ಎನ್‌ಕ್ಲೆಕ್ಸ್-ಆರ್‌ಎನ್ ಎಂಬ ಲೈಸೆನ್ಸ್ ಪರೀಕ್ಷೆಯೂ ಪಾಸಾಗಲೇಬೇಕು. ಈ ಪರೀಕ್ಷೆಗೆ ಬೆಂಗಳೂರಿನಲ್ಲೇ ಕೇಂದ್ರವಿದೆ. ವೆಂಟಿಲೇಟರ್ ಮೇಲಿರುವ ರೋಗಿಯನ್ನು ರಾತ್ರಿಯಿಡೀ ನೋಡಿಕೊಳ್ಳಬಲ್ಲ ಅನುಭವಿ ನರ್ಸ್‌ಗಳೂ ಇದರಲ್ಲಿ ಎರಡು ಮೂರು ಸಲ ಫೇಲಾಗುವುದುಂಟು. ಆಮೇಲೆ ಅನೇಕರು ಅದೇ ಪುಸ್ತಕ, ಅದೇ ವಿಡಿಯೊ ಹಿಡಿದು ಇನ್ನಷ್ಟು ಹೊತ್ತು ಕೂರುತ್ತಾರೆ. ಆದರೆ ಬದಲಾಗಬೇಕಾದದ್ದು ಓದುವ ರೀತಿ. ಅದಕ್ಕೆ ಮೊದಲು ಈ ಪರೀಕ್ಷೆ ನಮ್ಮನ್ನು ಹೇಗೆ ಅಳೆಯುತ್ತದೆ ಎಂಬುದು ಗೊತ್ತಿರಬೇಕು.

ಕಂಪ್ಯೂಟರ್ ಹೇಗೆ ತೀರ್ಮಾನಿಸುತ್ತದೆ?

ಇಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರುವುದಿಲ್ಲ. 1994ರಿಂದ ಈ ಪರೀಕ್ಷೆ ಅಭ್ಯರ್ಥಿಯ ಮಟ್ಟಕ್ಕೆ ಹೊಂದಿಕೊಳ್ಳುತ್ತ ಸಾಗುವ ಕಂಪ್ಯೂಟರ್ ಪರೀಕ್ಷೆಯಾಗಿದೆ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಸ್ವಲ್ಪ ಕಷ್ಟದ್ದು, ತಪ್ಪಾದರೆ ಸ್ವಲ್ಪ ಸುಲಭದ್ದು. ಹೀಗಾಗಿ ಚೆನ್ನಾಗಿ ಓದಿದವರಿಗೂ ಹೆಚ್ಚುಕಡಿಮೆ ಅರ್ಧದಷ್ಟು ಪ್ರಶ್ನೆಗಳು ತಪ್ಪುತ್ತವೆ. ‘ಒಂದೂ ಸರಿಯಾಗುತ್ತಿಲ್ಲ’ ಎಂಬ ದಿಗಿಲು ಪಾಸಾಗುವವರಿಗೂ ಹುಟ್ಟುತ್ತದೆ. ಎರಡನೇ ಸಲ ಕೂತವರು ಈ ದಿಗಿಲನ್ನೇ ಫಲಿತಾಂಶ ಎಂದು ನಂಬಿ, ಪರೀಕ್ಷೆಯ ನಡುವೆಯೇ ಕೈಚೆಲ್ಲುತ್ತಾರೆ.

ಪ್ರಶ್ನೆಗಳು ಕನಿಷ್ಠ 85, ಗರಿಷ್ಠ 150. ಒಟ್ಟು ಸಮಯ 5 ಗಂಟೆ. ಇವುಗಳಲ್ಲಿ 15 ಪ್ರಶ್ನೆಗಳು ಪ್ರಯೋಗಕ್ಕೆಂದು ಸೇರಿಸಿದವು, ಅವಕ್ಕೆ ಅಂಕವಿಲ್ಲ. ಅಭ್ಯರ್ಥಿ ಪಾಸಿನ ಗೆರೆಯ ಮೇಲಿದ್ದಾರೋ ಕೆಳಗಿದ್ದಾರೋ ಎಂಬುದು ಶೇ. 95ರಷ್ಟು ಖಚಿತವಾದ ಕೂಡಲೇ ಕಂಪ್ಯೂಟರ್ ನಿಲ್ಲುತ್ತದೆ. 85ಕ್ಕೆ ನಿಂತವರಲ್ಲೂ 150ಕ್ಕೆ ನಿಂತವರಲ್ಲೂ ಪಾಸಾದವರಿದ್ದಾರೆ, ಫೇಲಾದವರಿದ್ದಾರೆ. 150ರವರೆಗೆ ಹೋಗಿ ಫೇಲಾಗಿದ್ದರೆ ನೀವು ಗೆರೆಯ ಹತ್ತಿರವೇ ಇದ್ದಿರಿ ಎಂದು ತಿಳಿಯಬಹುದು.

2023ರ ಏಪ್ರಿಲ್‌ನಿಂದ ಪರೀಕ್ಷೆಯ ರೂಪ ಬದಲಾಗಿದೆ. ಒಬ್ಬ ರೋಗಿಯ ದಾಖಲೆಗಳನ್ನು ಮುಂದಿಟ್ಟು ಆರಾರು ಪ್ರಶ್ನೆ ಕೇಳುವ ಮೂರು ಪ್ರಕರಣಗಳು ಎಲ್ಲರಿಗೂ ಬರುತ್ತವೆ. ಹಲವು ಉತ್ತರ ಆರಿಸುವ ಪ್ರಶ್ನೆಗಳಲ್ಲಿ ಈಗ ಭಾಗಶಃ ಅಂಕವೂ ಇದೆ. ಆದರೆ ‘ಅನ್ವಯಿಸುವ ಎಲ್ಲವನ್ನೂ ಆರಿಸಿ’ ಎಂಬಲ್ಲಿ ತಪ್ಪು ಆಯ್ಕೆಗೆ ಅಂಕ ಕಳೆಯುತ್ತಾರೆ. ಅನುಮಾನವಿದ್ದದ್ದಕ್ಕೆಲ್ಲ ಗುರುತು ಹಾಕುತ್ತ ಹೋದರೆ ನಷ್ಟ.

ಫೇಲಾದವರ ಕೈಗೆ ಬರುವ ವರದಿ

ಫೇಲಾದವರಿಗೆ ಸಾಧನೆಯ ವರದಿಯೊಂದು ಬರುತ್ತದೆ. ಬೇಸರದಲ್ಲಿ ಅದನ್ನು ತೆರೆಯದೆ ಇಡುವವರೇ ಹೆಚ್ಚು. ಪ್ರತಿ ವಿಭಾಗದಲ್ಲೂ ನೀವು ಪಾಸಿನ ಮಟ್ಟಕ್ಕಿಂತ ಮೇಲೆ, ಹತ್ತಿರ ಅಥವಾ ಕೆಳಗೆ ಇದ್ದೀರಿ ಎಂದು ಅದರಲ್ಲಿ ಬರೆದಿರುತ್ತದೆ. ‘ಕೆಳಗೆ’ ಎಂದಿರುವ ವಿಭಾಗಕ್ಕೆ ಮೊದಲ ಆದ್ಯತೆ, ‘ಹತ್ತಿರ’ ಎಂಬುದಕ್ಕೆ ಎರಡನೆಯದು. ಎರಡು ಮೂರು ಸಲ ಫೇಲಾಗಿದ್ದರೆ ಎಲ್ಲ ವರದಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ಸಲವೂ ಕೆಳಗೇ ಉಳಿದ ವಿಭಾಗದಲ್ಲೇ ನಿಜವಾದ ತೊಡಕಿರುತ್ತದೆ.

ನಮ್ಮಲ್ಲಿ ಓದಿದವರಿಗೆ ಈ ತೊಡಕು ಅನೇಕ ವೇಳೆ ‘ಆರೈಕೆಯ ನಿರ್ವಹಣೆ’ ವಿಭಾಗದಲ್ಲಿರುತ್ತದೆ. ಪರೀಕ್ಷೆಯಲ್ಲಿ ಅತಿ ದೊಡ್ಡ ಪಾಲು ಇದರದೇ. ಇಲ್ಲಿನ ವಾರ್ಡಿನಲ್ಲಿ ಇಂಜೆಕ್ಷನ್ನಿನಿಂದ ಬೆಡ್ ಹಾಸುವವರೆಗೆ ಸ್ಟಾಫ್ ನರ್ಸೇ ಮಾಡಿಬಿಡುತ್ತಾರೆ. ಅಮೆರಿಕದಲ್ಲಿ ಸ್ಥಿರವಾಗಿರುವ ರೋಗಿಯ ಸ್ನಾನ, ಓಡಾಟ, ಬಿಪಿ ನೋಡುವುದನ್ನು ನರ್ಸಿಂಗ್ ಅಸಿಸ್ಟೆಂಟ್‌ಗೆ ವಹಿಸಬಹುದು. ಮೊದಲ ತಪಾಸಣೆ, ರೋಗಿಗೆ ತಿಳಿವಳಿಕೆ ಕೊಡುವುದು, ಅಸ್ಥಿರ ರೋಗಿಯ ಆರೈಕೆ ಮಾತ್ರ ಆರ್‌ಎನ್ ಕೆಲಸವೇ. ಇಲ್ಲಿ ಕಾಯಿಲೆಯ ಸುದ್ದಿಯನ್ನು ಮೊದಲು ಮಗನಿಗೋ ಗಂಡನಿಗೋ ಹೇಳುವ ರೂಢಿಯಿದೆ. ಅಲ್ಲಿ ರೋಗಿ ಒಪ್ಪದೆ ಮನೆಯವರಿಗೂ ಹೇಳುವಂತಿಲ್ಲ. ನಮ್ಮ ವಾರ್ಡಿನ ಅಭ್ಯಾಸದಲ್ಲಿ ಉತ್ತರಿಸಿದರೆ ಅನುಭವವೇ ತಪ್ಪು ದಾರಿಗೆಳೆಯುತ್ತದೆ.

ಒಂದು ಪ್ರಶ್ನೆಯನ್ನು ಬಿಡಿಸಿ ನೋಡೋಣ

ಡ್ಯೂಟಿಗೆ ಬಂದು ಹ್ಯಾಂಡೋವರ್ ತೆಗೆದುಕೊಂಡಿದ್ದೀರಿ. ಈ ನಾಲ್ವರಲ್ಲಿ ಯಾರನ್ನು ಮೊದಲು ನೋಡುತ್ತೀರಿ?

1. ಅಪೆಂಡಿಕ್ಸ್ ಆಪರೇಷನ್ ಆಗಿ ಎರಡನೇ ದಿನ, ನೋವು ಹತ್ತಕ್ಕೆ ಆರು ಎನ್ನುವವರು.
2. ಸಿಒಪಿಡಿ ಇದ್ದು, ಆಕ್ಸಿಜನ್ ಸ್ಯಾಚುರೇಶನ್ ಶೇ. 90 ಇರುವವರು.
3. ಊಟಕ್ಕೆ ಮೊದಲು ಶುಗರ್ 210 ಇರುವ ಮಧುಮೇಹಿ.
4. ನಿನ್ನೆ ಥೈರಾಯ್ಡ್ ಗ್ರಂಥಿ ತೆಗೆಸಿಕೊಂಡಿದ್ದು, ತುಟಿಯ ಸುತ್ತ ಜುಮುಜುಮು ಎನ್ನುತ್ತಿದೆ ಎನ್ನುವವರು.

‘ಉಸಿರಾಟ ಮೊದಲು’ ಎಂದು ಬಾಯಿಪಾಠ ಮಾಡಿದವರ ಕೈ ಎರಡನೆಯದರ ಮೇಲೆ ಹೋಗುತ್ತದೆ. ಆದರೆ ಸಿಒಪಿಡಿ ರೋಗಿಗಳಲ್ಲಿ ಸ್ಯಾಚುರೇಶನ್ 88ರಿಂದ 92ರ ನಡುವೆ ಇರಬೇಕೆಂಬುದೇ ಗುರಿ. 90 ಅವರಿಗೆ ನಿರೀಕ್ಷಿತ. ಆಪರೇಷನ್ ಆದವರಿಗೆ ನೋವು, ಮಧುಮೇಹಿಗೆ ಏರಿದ ಶುಗರ್ ಕೂಡ ನಿರೀಕ್ಷಿತವೇ, ಅವಕ್ಕೆ ಆಮೇಲೆ ಹೋಗಬಹುದು. ನಾಲ್ಕನೆಯವರ ಜುಮುಜುಮು ಮಾತ್ರ ಹಾಗಲ್ಲ. ಥೈರಾಯ್ಡ್ ತೆಗೆಯುವಾಗ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾಗಿ ಕ್ಯಾಲ್ಸಿಯಂ ಇಳಿದಿರಬಹುದು. ಅದು ಇನ್ನೂ ಇಳಿದರೆ ಗಂಟಲ ಸ್ನಾಯು ಬಿಗಿದು ಉಸಿರಿನ ದಾರಿಯೇ ಮುಚ್ಚಬಹುದು. ಉತ್ತರ ನಾಲ್ಕು.

ಸುಳಿವು ಗುರುತಿಸುವುದು, ಅದನ್ನು ವಿಶ್ಲೇಷಿಸುವುದು, ಯಾವುದು ಹೆಚ್ಚು ಅಪಾಯ ಎಂದು ತೂಗುವುದು, ಪರಿಹಾರ ಯೋಚಿಸುವುದು, ಕ್ರಮ ಕೈಗೊಳ್ಳುವುದು, ಫಲಿತವನ್ನು ಪರಿಶೀಲಿಸುವುದು: ಹೊಸ ಪರೀಕ್ಷೆ ಅಳೆಯುವುದು ಈ ಆರು ಹೆಜ್ಜೆಗಳನ್ನು. ಪುಟಗಟ್ಟಲೆ ಉತ್ತರ ಬರೆದು ಪಾಸಾಗಿ ಬಂದವರು ಇದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು.

45 ದಿನದ ಯೋಜನೆ

ಫೇಲಾದ ಮೇಲೆ ಮತ್ತೆ ಬರೆಯಲು ಕನಿಷ್ಠ 45 ದಿನ ಕಾಯಬೇಕು. ಮೊದಲ ವಾರ ಪುಸ್ತಕ ಮುಟ್ಟದೆ ನಿದ್ದೆ, ಊಟ ಸರಿಪಡಿಸಿಕೊಳ್ಳಿ, ವರದಿ ಓದಿ. ಆಮೇಲಿನ ಮೂರು ವಾರ ದುರ್ಬಲ ವಿಭಾಗಗಳಿಗೆ. ಕೊನೆಯ ಎರಡು ವಾರ ಗಡಿಯಾರ ಇಟ್ಟುಕೊಂಡು ಮಿಶ್ರ ಪ್ರಶ್ನೆಗಳ ಅಭ್ಯಾಸ.

ಉದ್ದಕ್ಕೂ ತಪ್ಪಿನ ಪುಸ್ತಕವೊಂದಿರಲಿ. ತಪ್ಪಿದ ಪ್ರತಿ ಪ್ರಶ್ನೆಗೂ ಕಾರಣ ಬರೆಯಿರಿ: ವಿಷಯವೇ ಗೊತ್ತಿರಲಿಲ್ಲವೇ, ಪ್ರಶ್ನೆಯನ್ನು ತಪ್ಪಾಗಿ ಓದಿದಿರೇ, ಅಥವಾ ಸರಿ ಉತ್ತರ ಹಿಡಿದು ಕೊನೆಗೆ ಬದಲಿಸಿದಿರೇ? ಮೊದಲನೆಯದಕ್ಕೆ ಓದು ಬೇಕು. ಎರಡನೆಯದಕ್ಕೆ ನಿಧಾನ ಬೇಕು. ಮೂರನೆಯದಕ್ಕೆ, ಬದಲಿಸಲು ಹೊಸ ಕಾರಣ ಹೊಳೆಯದ ಹೊರತು ಬದಲಿಸುವುದಿಲ್ಲ ಎಂಬ ಕಟ್ಟುನಿಟ್ಟು ಬೇಕು. ದಿನಕ್ಕೆ ನೂರು ಪ್ರಶ್ನೆ ಓಡಿಸುವುದಕ್ಕಿಂತ ಐವತ್ತು ಬಿಡಿಸಿ, ಸರಿಯಾದವನ್ನೂ ಸೇರಿಸಿ ಅಷ್ಟಕ್ಕೂ ವಿವರಣೆ ಓದುವುದು ಲೇಸು.

ರಾತ್ರಿ ಪಾಳಿ ಮುಗಿಸಿ ನೇರವಾಗಿ ಪರೀಕ್ಷೆಗೆ ಕೂರಬೇಡಿ, ಹಿಂದಿನ ಎರಡು ಮೂರು ದಿನ ರಜೆ ಹಾಕಿ. ‘ರೀಕಾಲ್’ ಎಂದು ವಾಟ್ಸ್ಯಾಪ್‌ನಲ್ಲಿ ಮಾರುವ ಪ್ರಶ್ನೆಗಳಿಗೆ ಒಂದು ಪೈಸೆಯೂ ಕೊಡಬೇಡಿ. ಪ್ರಶ್ನೆ ಹಂಚಿಕೊಳ್ಳುವುದು ನಿಯಮಬಾಹಿರ. ಅದರಿಂದ ಫಲಿತಾಂಶವೇ ರದ್ದಾಗಬಹುದು.

ದುಡ್ಡು, ಮನೆ, ಮನಸ್ಸು

ಪ್ರತಿ ಸಲವೂ 200 ಡಾಲರ್ ಶುಲ್ಕ. ಅಮೆರಿಕದ ಹೊರಗೆ ಬರೆದರೆ ಮತ್ತೆ 150 ಡಾಲರ್ ಮತ್ತು ತೆರಿಗೆ. ಇದಕ್ಕೆ ಸಾಲ ಮಾಡಿದ ಮನೆಗಳಲ್ಲಿ ‘ಯಾವಾಗ ಅಮೆರಿಕ?’ ಎಂಬ ನೆಂಟರ ಪ್ರಶ್ನೆ ಚುಚ್ಚುತ್ತದೆ. ಪರೀಕ್ಷೆಯ ತಾರೀಖು ಮನೆಯ ಒಬ್ಬಿಬ್ಬರಿಗೆ ಮಾತ್ರ ಗೊತ್ತಿದ್ದರೆ ಸಾಕು. ನಿದ್ದೆ ಹತ್ತದೆ, ಬದುಕೇ ಬೇಡವೆನಿಸಿದರೆ ಆ ಕ್ಷಣವೇ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಪರೀಕ್ಷೆ ತೂಗುವುದು ಆ ದಿನದ ಉತ್ತರಗಳನ್ನು. ನಿಮ್ಮ ಕೈಯಲ್ಲಿ ಗುಣವಾಗಿ ಮನೆಗೆ ಹೋದ ರೋಗಿಗಳ ಲೆಕ್ಕ ಅದಕ್ಕೆ ಸಿಗುವುದಿಲ್ಲ.

ಎಷ್ಟು ಸಲ ಬರೆಯಬಹುದು?

ವರ್ಷಕ್ಕೆ ಎಂಟು ಸಲದವರೆಗೆ ಬರೆಯಲು ಅವಕಾಶವಿದೆ. ಆದರೆ ರಾಜ್ಯ ರಾಜ್ಯಕ್ಕೂ ನಿಯಮ ಬೇರೆ. ಫ್ಲೋರಿಡಾದಲ್ಲಿ ಮೂರು ಸಲ ಫೇಲಾದರೆ ಪರಿಹಾರ ತರಬೇತಿ ಮುಗಿಸದೆ ಮತ್ತೆ ಕೂರುವಂತಿಲ್ಲ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಲ್ಲಿ ಒಟ್ಟು ಪ್ರಯತ್ನಗಳಿಗೆ ಮಿತಿಯಿಲ್ಲ. ನಿಮ್ಮ ಅರ್ಜಿ ಯಾವ ರಾಜ್ಯದ ನರ್ಸಿಂಗ್ ಬೋರ್ಡಿಗೆ ಹೋಗಿದೆಯೋ ಅದರ ನಿಯಮ ನೋಡಿಕೊಂಡೇ ಮುಂದಿನ ಹೆಜ್ಜೆ ಇಡಿ. ಸದ್ಯಕ್ಕೆ ನಿಲ್ಲಿಸಿ ಬ್ರಿಟನ್ನಿನ ಎನ್‌ಎಂಸಿ ಪರೀಕ್ಷೆಗೋ ಕೊಲ್ಲಿ ದೇಶಗಳ ಪ್ರೊಮೆಟ್ರಿಕ್‌ಗೋ ತಯಾರಾದರೂ ಸೋತಂತಲ್ಲ.

ಮತ್ತೆ ಬರೆಯುವುದೇ ನಿಜವಾದರೆ, ಹಣ ಕಟ್ಟುವ ಮುನ್ನ ಕಳೆದ ಸಲಕ್ಕಿಂತ ಈ ಸಲ ಬೇರೆಯಾಗಿ ಮಾಡಿದ ಮೂರು ಸಂಗತಿಗಳನ್ನು ಬರೆದುನೋಡಿ. ಮೂರೂ ತಡವರಿಸದೆ ಬಂದರೆ ತಾರೀಖು ಗೊತ್ತುಮಾಡಿಕೊಳ್ಳಿ. ಬಾರದಿದ್ದರೆ ಇನ್ನೊಂದು ತಿಂಗಳು ತೆಗೆದುಕೊಳ್ಳಿ. ತಡವಾಗಿ ಪಾಸಾದವರ ಲೈಸೆನ್ಸಿನಲ್ಲಿ ಎಷ್ಟನೇ ಸಲ ಪಾಸಾದರು ಎಂದು ಬರೆದಿರುವುದಿಲ್ಲ.