ಆರ್ಮ್ ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ಟೋಕನ್, ಕಾಟಾ, ಪ್ರಿಂಟರ್ ಜೋಡಿಸಿ ನೋಡಿ

ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಒಪ್ಪದ ಹಳೆಯ ಗಣಕಯಂತ್ರಗಳನ್ನು ಬದಲಿಸುವ ಪ್ರಸಂಗ ಇದರಿಂದ ಅನೇಕ ವರ್ತಕರಿಗೆ ಒದಗಿದೆ. ಶಹಾಬಾದಿನ ಹಾಸುಗಲ್ಲು ಪಾಲಿಷ್ ಘಟಕದವರಾಗಲಿ, ಚಿತ್ತಾಪುರದ ಅಡತ್ ಅಂಗಡಿಯವರಾಗಲಿ, ಸೇಡಂ, ಚಿಂಚೋಳಿ ಭಾಗದ ತೊಗರಿ ವ್ಯಾಪಾರಿಗಳಾಗಲಿ, ವಾಡಿಯ ಸಿಮೆಂಟ್ ಸಾಗಣೆದಾರರಾಗಲಿ, ಹೊಸ ಲ್ಯಾಪ್‌ಟಾಪ್ ಕೇಳಲು ಹೋದಾಗ ಇಂಟೆಲ್ ಮತ್ತು ಎಎಂಡಿ ಎಂಬ ಪರಿಚಿತ ಹೆಸರುಗಳ ಪಕ್ಕದಲ್ಲಿ ಈಗ ಸ್ನಾಪ್‌ಡ್ರ್ಯಾಗನ್ ಎಂಬ ಹೆಸರನ್ನೂ ಕಾಣುತ್ತಾರೆ. ಆ್ಯಪಲ್ ಸಂಸ್ಥೆಯ ಎಂ ಸರಣಿಯ ಲ್ಯಾಪ್‌ಟಾಪ್‌ಗಳೂ ಇದೇ ಬಳಗಕ್ಕೆ ಸೇರಿದವು. ಇವುಗಳ ಪ್ರೊಸೆಸರ್ 'ಆರ್ಮ್' ಎಂಬ ವಿನ್ಯಾಸವನ್ನು ಆಧರಿಸಿದೆ.

ಈ ವಿನ್ಯಾಸ ಹೊಸದೇನಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆಯು 1985ರಲ್ಲೇ ಮೊದಲ ಆರ್ಮ್ ಚಿಪ್ಪನ್ನು ಸಿದ್ಧಪಡಿಸಿತ್ತು. ಪ್ರತಿಯೊಬ್ಬರ ಜೇಬಿನಲ್ಲಿರುವ ಮೊಬೈಲು ನಡೆಯುವುದು ಇದೇ ವಿನ್ಯಾಸದಿಂದ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುವುದು ಇದರ ಗುಣ. ಆದುದರಿಂದ ಬ್ಯಾಟರಿ ದೀರ್ಘಕಾಲ ಬಾಳುತ್ತದೆ, ಯಂತ್ರ ಹೆಚ್ಚು ಬಿಸಿಯಾಗುವುದಿಲ್ಲ. ಕರೆಂಟು ಯಾವಾಗ ಹೋಗುವುದೋ ತಿಳಿಯದ ಊರುಗಳಲ್ಲಿ ಇದು ಸಣ್ಣ ಲಾಭವಲ್ಲ. ಆದರೆ 2024ರ ಸೆಪ್ಟೆಂಬರಿನಲ್ಲಿ ಇಂಟೆಲ್ ಸಂಸ್ಥೆಯೂ ಬ್ಯಾಟರಿ ಬಾಳಿಕೆಯಲ್ಲಿ ಇವಕ್ಕೆ ಸರಿಸಾಟಿಯಾಗಬಲ್ಲ ಕೋರ್ ಅಲ್ಟ್ರಾ 200ವಿ ಸರಣಿಯನ್ನು ಹೊರತಂದಿದೆ ಎಂಬುದನ್ನು ಮಾರಾಟಗಾರರು ತಾವಾಗಿ ಹೇಳುವುದು ಅಪರೂಪ.

ತೊಡಕು ಇರುವುದು ತಂತ್ರಾಂಶದಲ್ಲಿ. ಇಂಟೆಲ್ ಮತ್ತು ಎಎಂಡಿ ಯಂತ್ರಗಳಿಗೆಂದು ಬರೆದ ಪ್ರೋಗ್ರಾಮಿನ ಭಾಷೆ ಆರ್ಮ್ ಪ್ರೊಸೆಸರಿಗೆ ನೇರವಾಗಿ ಅರ್ಥವಾಗದು. 2012ರಲ್ಲಿ ಮೈಕ್ರೋಸಾಫ್ಟ್ ತಂದ ಸರ್ಫೇಸ್ ಆರ್‌ಟಿ ಈ ಕಾರಣದಿಂದಲೇ ಸೋತಿತು. ಹಳೆಯ ವಿಂಡೋಸ್ ಪ್ರೋಗ್ರಾಮುಗಳು ಅದರಲ್ಲಿ ನಡೆಯುತ್ತಲೇ ಇರಲಿಲ್ಲ. ಮರುವರ್ಷ ಸಂಸ್ಥೆಯು ಅದರ ಬಾಬ್ತಿನಲ್ಲಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. 2024ರ ಜೂನ್‌ನಲ್ಲಿ ಬಂದ ಸ್ನಾಪ್‌ಡ್ರ್ಯಾಗನ್ ಎಕ್ಸ್ ಲ್ಯಾಪ್‌ಟಾಪ್‌ಗಳ ಪರಿಸ್ಥಿತಿ ಬೇರೆ. ವಿಂಡೋಸ್ 11ರ ಒಳಗೇ 'ಪ್ರಿಸಂ' ಎಂಬ ದುಭಾಷಿ ವ್ಯವಸ್ಥೆಯಿದ್ದು, ಹಳೆಯ ಪ್ರೋಗ್ರಾಮನ್ನು ಅದು ನಡೆನಡೆಯುತ್ತಲೇ ಅನುವಾದಿಸಿ ಓಡಿಸುತ್ತದೆ. ಎಕ್ಸೆಲ್, ವರ್ಡ್, ಕ್ರೋಮ್ ಮೊದಲಾದವಕ್ಕೆ ಆರ್ಮ್‌ಗೆಂದೇ ಸಿದ್ಧಪಡಿಸಿದ ಆವೃತ್ತಿಗಳಿದ್ದು, ಅವುಗಳಿಗೆ ದುಭಾಷಿಯ ಅಗತ್ಯವೂ ಇಲ್ಲ. ಇ-ವೇ ಬಿಲ್ ತೆಗೆಯುವುದು, ಜಿಎಸ್‌ಟಿ ಪೋರ್ಟಲ್ ನೋಡುವುದು, ಬ್ಯಾಂಕಿನ ವ್ಯವಹಾರ ಇವೆಲ್ಲ ಬ್ರೌಸರಿನಲ್ಲಿ ನಡೆಯುವ ಕೆಲಸಗಳಾದ್ದರಿಂದ ಪ್ರೊಸೆಸರ್ ಯಾವುದಾದರೂ ವ್ಯತ್ಯಾಸವಾಗದು.

ಇಷ್ಟು ಕೇಳಿ ಹಣ ಕಟ್ಟಿ ಬರುವವರೇ ಮುಂದೆ ಪೇಚಿಗೆ ಸಿಕ್ಕುವುದು. ಪ್ರಿಸಂ ಪ್ರೋಗ್ರಾಮನ್ನು ಅನುವಾದಿಸಬಲ್ಲುದೇ ಹೊರತು ಡ್ರೈವರನ್ನು ಅನುವಾದಿಸಲಾರದು. ಗಣಕಯಂತ್ರಕ್ಕೆ ಹೊರಗಿನಿಂದ ಜೋಡಿಸುವ ಸಾಧನಗಳ ಡ್ರೈವರ್ ಆರ್ಮ್‌ಗಾಗಿಯೇ ಬರೆದದ್ದಾಗಿರಬೇಕು, ಇಲ್ಲವೇ ವಿಂಡೋಸ್ ಒಳಗೆ ಮೊದಲೇ ಇರಬೇಕು. ಅಂಗಡಿಯ ಗಣಕಯಂತ್ರಕ್ಕೂ ಮನೆಯ ಗಣಕಯಂತ್ರಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ. ಮನೆಯದಕ್ಕೆ ಹೆಚ್ಚೆಂದರೆ ಒಂದು ಮೌಸ್ ಜೋಡಿಸಿರುತ್ತದೆ. ಅಂಗಡಿಯದಕ್ಕೆ ಸಂಸಾರವೇ ಇರುತ್ತದೆ.

ಮೊದಲು ಡಿಜಿಟಲ್ ಸಹಿಯ ಟೋಕನ್. ಮಾಲೀಕ ಒಬ್ಬರೇ ಇರುವ ಸಂಸ್ಥೆಯವರು ಜಿಎಸ್‌ಟಿ ಲೆಕ್ಕಪತ್ರಕ್ಕೆ ಮೊಬೈಲಿಗೆ ಬರುವ ಒಟಿಪಿಯಿಂದ ಸಹಿ ಹಾಕಬಹುದು. ಸರ್ಕಾರಿ ಇ-ಟೆಂಡರಿಗೆ ಕಲ್ಲು, ಸಾಮಗ್ರಿ ಪೂರೈಸುವವರಿಗೆ ಹಾಗಾಗದು, ಅವರಿಗೆ ಯುಎಸ್‌ಬಿ ಟೋಕನ್ ಬೇಕು. ಟೋಕನಿನ ಡ್ರೈವರ್, ಅದನ್ನು ಬ್ರೌಸರಿಗೆ ಜೋಡಿಸುವ ಸಹಾಯಕ ತಂತ್ರಾಂಶ ಎರಡೂ ಕೆಲಸ ಮಾಡಿದರೆ ಮಾತ್ರ ಸಹಿ ಬೀಳುತ್ತದೆ. ಟೆಂಡರಿನ ಕೊನೆಯ ದಿನ ಸಂಜೆ ಟೋಕನ್ ಕಾಣದೆ ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿ ಎಷ್ಟು ಗಂಟೆ ಬಂದರೇನು?

ಎರಡನೆಯದು ಕಾಟಾ. ಲಾರಿ ತೂಗುವ ವೇ-ಬ್ರಿಡ್ಜಿನ ಸೂಚಕದಿಂದ ತೂಕವು ಸಾಮಾನ್ಯವಾಗಿ ಸೀರಿಯಲ್ ಕೇಬಲ್ ಮೂಲಕ ಬರುತ್ತದೆ. ಲ್ಯಾಪ್‌ಟಾಪಿಗೆ ಸೀರಿಯಲ್ ಪೋರ್ಟ್ ಇಲ್ಲದ ಕಾರಣ ನಡುವೆ ಯುಎಸ್‌ಬಿ ಪರಿವರ್ತಕವೊಂದನ್ನು ಹಾಕುವುದು ರೂಢಿ. ಆ ಪುಟ್ಟ ಪರಿವರ್ತಕದೊಳಗೆ ಯಾವ ಚಿಪ್ ಇದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎಫ್‌ಟಿಡಿಐ ಚಿಪ್ಪಿಗೆ ಆರ್ಮ್ ಡ್ರೈವರ್ ಇದೆ. ಪ್ರೊಲಿಫಿಕ್ ಸಂಸ್ಥೆಯ ಕೆಲವು ಹಳೆಯ ಚಿಪ್ಪುಗಳಿಗೆ ಇಂಟೆಲ್ ಯಂತ್ರದ ವಿಂಡೋಸ್ 11ರಲ್ಲಿಯೇ ಬೆಂಬಲವಿಲ್ಲ. ಹೀಗಾಗಿ ದೋಷ ಲ್ಯಾಪ್‌ಟಾಪಿನದೋ ಕೇಬಲಿನದೋ ಎಂಬುದನ್ನು ತಿಳಿಯದೆ ಯಾರನ್ನೂ ದೂರುವಂತಿಲ್ಲ.

ಪ್ರಿಂಟರ್ ವಿಷಯದಲ್ಲಿ ಎರಡು ದಾರಿಗಳಿವೆ. ನೆಟ್‌ವರ್ಕಿಗೆ ಜೋಡಿಸುವ ಇತ್ತೀಚಿನ ಲೇಸರ್ ಪ್ರಿಂಟರುಗಳು ವಿಂಡೋಸ್ ಒಳಗಿನ ಸಾಮಾನ್ಯ ಡ್ರೈವರಿನಿಂದಲೇ ಬಹುಮಟ್ಟಿಗೆ ಮುದ್ರಿಸುತ್ತವೆ. ಮೂರು ಪ್ರತಿಯ ಬಿಲ್ಲನ್ನು ಒಂದೇ ಏಟಿಗೆ ಒತ್ತುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ತಯಾರಕರು ಆರ್ಮ್ ಡ್ರೈವರ್ ಒದಗಿಸಿದ್ದಾರೆಯೇ ಎಂಬುದನ್ನು ಮಾದರಿಯ ಸಂಖ್ಯೆ ಹೇಳಿಯೇ ಕೇಳಿಕೊಳ್ಳಬೇಕು.

ಕನ್ನಡ ಬರವಣಿಗೆಗೂ ಒಂದು ಮಾತು. ನುಡಿ ಮುಂತಾದ ಹಳೆಯ ಅಕ್ಷರಮಾದರಿಗಳು ಕೇವಲ ಫಾಂಟ್ ಕಡತಗಳಾದ್ದರಿಂದ ಪ್ರೊಸೆಸರ್ ಬದಲಾದರೂ ಹಳೆಯ ಪತ್ರಗಳು ಮೊದಲಿನಂತೆಯೇ ತೆರೆಯುತ್ತವೆ. ಕೀಲಿಮಣೆಯ ಒತ್ತುಗಳನ್ನು ನಡುವೆ ಹಿಡಿದು ಕನ್ನಡವಾಗಿಸುವ ತಂತ್ರಾಂಶಗಳ ಮಾತು ಬೇರೆ. ಹೊರಗಿನ ಅಕ್ಷರ ಮೂಡಿಸುವ ಸಾಧನಗಳು ಆರ್ಮ್‌ಗೆಂದು ರಚಿತವಾಗಿರದಿದ್ದರೆ ಕೆಲಸ ಮಾಡದಿರಬಹುದೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಎಚ್ಚರಿಸಿದೆ. ವಿಂಡೋಸ್ ಒಳಗಿನ ಕನ್ನಡ ಕೀಲಿಮಣೆಯಿಂದ ಯುನಿಕೋಡ್ ಬರವಣಿಗೆ ಮಾಡುವವರಿಗೆ ಈ ಚಿಂತೆಯಿಲ್ಲ.

ಇನ್ನು ಕೆಲವು ಅಡತ್ ಅಂಗಡಿ, ದಾಲ್ ಮಿಲ್ಲುಗಳಲ್ಲಿ ಡಾಸ್ ಕಾಲದ ಫಾಕ್ಸ್‌ಪ್ರೋ ಲೆಕ್ಕದ ಪ್ರೋಗ್ರಾಮುಗಳು ಇಂದಿಗೂ ಉಳಿದಿದ್ದರೆ ಆಶ್ಚರ್ಯವಿಲ್ಲ. ಅವು ಆರ್ಮ್ ಯಂತ್ರದಲ್ಲಷ್ಟೇ ಅಲ್ಲ, ಯಾವುದೇ 64 ಬಿಟ್ ವಿಂಡೋಸ್‌ನಲ್ಲಿಯೂ ನೇರವಾಗಿ ನಡೆಯವು.

ಆ್ಯಪಲ್ ಲ್ಯಾಪ್‌ಟಾಪ್ ಬಯಸುವವರು ಎರಡು ಸಂಗತಿ ಅರಿತಿರಬೇಕು. ಅದರಲ್ಲಿ ಪ್ಯಾರಲಲ್ಸ್ ಮೂಲಕ ವಿಂಡೋಸ್ ಹಾಕಿದರೆ ಬರುವುದೂ ಆರ್ಮ್ ವಿಂಡೋಸೇ ಆದ್ದರಿಂದ ಮೇಲಿನ ತೊಡಕುಗಳು ಹಾಗೆಯೇ ಉಳಿಯುತ್ತವೆ. ಇನ್ನು ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್ ಕಲ್ಲಿನ ಧೂಳಿಗೆ ಒಳ್ಳೆಯದೆನಿಸಿದರೂ, ಸುತ್ತಲಿನ ಉಷ್ಣಾಂಶ 10ರಿಂದ 35 ಡಿಗ್ರಿ ಇದ್ದಲ್ಲಿ ಬಳಸಬೇಕೆಂದು ಆ್ಯಪಲ್ ತಿಳಿಸಿದೆ. ಬೇಸಿಗೆಯಲ್ಲಿ ಶಹಾಬಾದ್, ವಾಡಿಗಳ ತಗಡಿನ ಶೆಡ್ಡಿನ ಕೆಳಗೆ ಆ ಮಿತಿ ಬೆಳಗಿನ ಹೊತ್ತಿಗೇ ಮುಗಿಯುತ್ತದೆ.

ಹಾಗೆಂದು ಆರ್ಮ್ ಲ್ಯಾಪ್‌ಟಾಪ್ ವರ್ತಕರಿಗೆ ಒಗ್ಗದೆಂದು ಹೇಳಲಾಗದು. ಕಾಟಾ, ಪ್ರಿಂಟರ್, ಟೋಕನ್‌ಗಳ ಯಂತ್ರವನ್ನು ಇಂಟೆಲ್ ಅಥವಾ ಎಎಂಡಿಯದಾಗಿಯೇ ಗಲ್ಲಾದ ಬಳಿ ಉಳಿಸಿಕೊಂಡು, ಕಲಬುರಗಿ, ಹೈದರಾಬಾದ್, ಸೊಲ್ಲಾಪುರ ಎಂದು ತಿರುಗುವ ಮಾಲೀಕರು ಇದನ್ನು ಕೈಯಲ್ಲಿಟ್ಟುಕೊಳ್ಳುವುದು ಲೇಸು. ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯದಿಂದ ಅಂಗಡಿಯ ಯಂತ್ರವನ್ನೇ ದೂರದಿಂದ ತೆರೆದು ಲೆಕ್ಕ ನೋಡಬಹುದು. ಅದಕ್ಕೆ ಅಂಗಡಿಯ ಯಂತ್ರದಲ್ಲಿ ವಿಂಡೋಸ್‌ನ ಪ್ರೊ ಆವೃತ್ತಿ ಇರಬೇಕು, ಹೋಮ್ ಆವೃತ್ತಿ ಸಾಲದು. ಸುರಕ್ಷತೆಯ ಏರ್ಪಾಡನ್ನು ತಿಳಿದವರಿಂದ ಮಾಡಿಸಿಕೊಳ್ಳುವುದೂ ಅವಶ್ಯ.

ಒಂದೇ ಯಂತ್ರದಲ್ಲಿ ಎಲ್ಲವನ್ನೂ ನಡೆಸಬೇಕಾದವರು ಟೋಕನನ್ನೂ ಕಾಟಾದ ಪರಿವರ್ತಕವನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲಿಯೇ ಜೋಡಿಸಿ ನೋಡಬೇಕು. ಹಿಂತಿರುಗಿಸುವ ಕರಾರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬಹುತೇಕ ಬೆಸೆದೇ ಬರುವುದರಿಂದ ಮುಂದೆ ಹೆಚ್ಚಿಸಲಾಗದು, ಕೊಳ್ಳುವಾಗಲೇ 16 ಜಿಬಿ ತೆಗೆದುಕೊಳ್ಳುವುದು ಮೇಲು. ಟ್ಯಾಲಿ ಪ್ರೈಮ್ ಪರೀಕ್ಷಿಸಲು ಹಳೆಯ ಯಂತ್ರದ ಪರವಾನಗಿಯನ್ನು ಮುಟ್ಟಬೇಕಾಗಿಲ್ಲ. ಎಜುಕೇಷನಲ್ ಮೋಡ್‌ನಲ್ಲಿ ಪರವಾನಗಿಯಿಲ್ಲದೆಯೇ ತೆರೆದು, ಲೆಕ್ಕದ ಬ್ಯಾಕಪ್ ಪ್ರತಿಯೊಂದನ್ನು ಹಾಕಿ, ವೋಚರ್ ಬರೆದು, ಬಿಲ್ ಮುದ್ರಿಸಿ ನೋಡಬಹುದು. ಆ ಮೋಡ್‌ನಲ್ಲಿ ತಿಂಗಳ ಕೆಲವೇ ದಿನಾಂಕಗಳಿಗೆ ವೋಚರ್ ಬರೆಯಲು ಅವಕಾಶವಿರುವುದನ್ನು ದೋಷವೆಂದು ತಿಳಿಯಬಾರದು. ವಾರವೊಂದು ಸರಿಯಾಗಿ ನಡೆದ ಬಳಿಕ ಹಳೆಯ ಯಂತ್ರದಲ್ಲಿ ಪರವಾನಗಿಯನ್ನು ಸರೆಂಡರ್ ಮಾಡಿ, ಹೊಸದರಲ್ಲಿ ಸಕ್ರಿಯಗೊಳಿಸಿಕೊಳ್ಳಬಹುದು.