ತೆರೆಗೆ ಬರಲು ತಡಮಾಡಿದ ಭಾಗವತ

ಅಜ್ಜ ತೀರಿಕೊಂಡು 11 ವರ್ಷವಾಯಿತು. ಪಹಣಿಯಲ್ಲಿ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಶನಿವಾರ ಬಂತೆಂದರೆ ಊರಿನಿಂದ ಚಿಕ್ಕಪ್ಪ ಫೋನ್ ಮಾಡಿ ಪೌತಿ ಖಾತೆಯ ಪುರಾಣ ಬಿಚ್ಚುವುದು, ನಾನು ಚೆನ್ನೈನ ಶೋಳಿಂಗನಲ್ಲೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ನಿಂತು ಓಎಂಆರ್ ರಸ್ತೆಯ ಹಾರ್ನ್‌ಗಳ ನಡುವೆ ಹೂಂಗುಟ್ಟುವುದು ರೂಢಿ. ಅಂಥದೊಂದು ಶನಿವಾರವೇ ರಷ್ಯಾದ ಗೊಗೋಲನ ಕಾದಂಬರಿ ಆಧರಿಸಿದ ‘ಮ್ಯೊರ್ತ್‌ವಿಯೆ ದೂಶಿ’ ನೋಡಲು ಕೂತೆ. 1984ರಲ್ಲಿ ಮಿಖಾಯಿಲ್ ಶ್ವೇಯ್ತ್ಸರ್ ಸೋವಿಯತ್ ಟಿವಿಗೆಂದು ಮಾಡಿದ ಐದು ಕಂತಿನ ಚಿತ್ರ. ಸತ್ತವರನ್ನು ಕೊಳ್ಳಲು ಊರೂರು ಸುತ್ತುವ ಸಂಭಾವಿತನೊಬ್ಬನ ಕತೆ.

ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲು ‘ಸೋಲ್ಸ್’ ಅನ್ನುತ್ತದೆ. ಅದನ್ನು ‘ಸತ್ತ ಆತ್ಮಗಳು’ ಅಂದುಕೊಂಡರೆ ಕೆಟ್ಟಿತು. ಗೀತೆ ಕೇಳಿ ಬೆಳೆದವರು ಯಾರೂ ಆತ್ಮಕ್ಕೆ ಸಾವಿದೆಯೆಂದು ಒಪ್ಪುವುದಿಲ್ಲ. ತಮಾಷೆಯೆಂದರೆ ಮಾಸ್ಕೋದ ಸೆನ್ಸಾರ್ ಸಮಿತಿ ತೆಗೆದದ್ದೂ ಇದೇ ತಕರಾರು. ಗೊಗೋಲ್ ಹಸ್ತಪ್ರತಿಯನ್ನು ಪೀಟರ್ಸ್‌ಬರ್ಗಿಗೆ ಸಾಗಿಸಿದ. ‘ಚಿಚಿಕೋವನ ಸಾಹಸಗಳು’ ಎಂಬ ಹೆಸರನ್ನು ಮುಂದೆ ಅಂಟಿಸಿಕೊಂಡು ಕಾದಂಬರಿ 1842ರಲ್ಲಿ ಅಚ್ಚಾಯಿತು. ಅಸಲಿಗೆ ಇಲ್ಲಿ ‘ದುಶಾ’ ಎಂದರೆ ಕಂದಾಯದ ಲೆಕ್ಕದಲ್ಲಿ ಒಂದು ತಲೆ. ಜೀತದಾಳುಗಳ ತಲೆಗಂದಾಯದ ಹೊಣೆ ಜಮೀನ್ದಾರನದು. ಒಂದು ಗಣತಿಯಿಂದ ಮುಂದಿನ ಗಣತಿಯವರೆಗೆ ಸತ್ತವನೂ ಬದುಕಿದ್ದಾನೆಂದೇ ಲೆಕ್ಕ. ಆ ಹೆಸರುಗಳನ್ನು ಅಗ್ಗಕ್ಕೆ ಕೊಂಡು, ಆಳುಗಳಿದ್ದಾರೆಂದು ಕಾಗದದಲ್ಲಿ ತೋರಿಸಿ, ಅಡವಿಟ್ಟು ಸಾಲ ಎತ್ತುವುದು ಚಿಚಿಕೋವನ ಹಂಚಿಕೆ. ಇದನ್ನು ಹೇಳಿದಾಗ ಚಿಕ್ಕಪ್ಪ, “ನಮ್ಮಪ್ಪನಿಗೆ ಎಷ್ಟು ಕೊಡ್ತಾನಂತೆ ಕೇಳು” ಎಂದರು.

ಇಂಥ ಕತೆ ತೆರೆಗೆ ಬರಲು ಯಾಕೆ ತಿಣುಕಾಡಬೇಕು? ನಡೆಯುವುದು ಕಡಿಮೆ, ಅದಕ್ಕೇ. ಒಬ್ಬ ಜಮೀನ್ದಾರನ ಮನೆ, ಚೌಕಾಸಿ, ಮತ್ತೊಬ್ಬನ ಮನೆ, ಮತ್ತೆ ಚೌಕಾಸಿ. ರುಚಿಯೆಲ್ಲ ಹೇಳುವವನ ನಾಲಗೆಯಲ್ಲಿದೆ. ಗವರ್ನರನ ಮನೆಯಲ್ಲಿ ನೆರೆದ ಕರಿಕೋಟಿನ ಗಂಡಸರನ್ನು ಸಕ್ಕರೆಗೆ ಮುತ್ತುವ ನೊಣಗಳಿಗೆ ಹೋಲಿಸಲು ಹೊರಟ ಗೊಗೋಲ್, ಕೋಟುಗಳನ್ನು ಮರೆತು ನೊಣಗಳ ಬೆನ್ನು ಹತ್ತಿಬಿಡುತ್ತಾನೆ. ಕ್ಯಾಮೆರಾ ಕೋಟು ತೋರಿಸೀತು. ಆ ಮರೆವನ್ನು ತೋರಿಸುವುದು ಹೇಗೆ?

ಈ ಪೇಚು ಮಿಖಾಯಿಲ್ ಬುಲ್ಗಾಕೋವನಿಗೆ ಚೆನ್ನಾಗಿ ಗೊತ್ತಿತ್ತು. 1930ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಸೇರಿದಾಗ ಅವನ ಪಾಲಿಗೆ ಬಂದ ಮೊದಲ ಕೆಲಸ ಇದೇ ಕಾದಂಬರಿಯ ರಂಗರೂಪ. ಇದನ್ನು ನಾಟಕ ಮಾಡಲಾಗದೆಂದು ಸ್ನೇಹಿತನಿಗೆ ಬರೆದುಕೊಂಡ, ಆಮೇಲೆ ಮಾಡಿದ. ಗೊಗೋಲ್ ಕಾದಂಬರಿಯ ಬಹುಪಾಲು ಬರೆದದ್ದು ರೋಮಿನಲ್ಲಿ ಕೂತು. ನಿರೂಪಕನೊಬ್ಬನನ್ನು ರೋಮಿನಲ್ಲೇ ಕೂರಿಸಿ, ಅವನ ಕಣ್ಣಿನಿಂದ ರಷ್ಯಾ ತೋರಿಸುವುದು ಬುಲ್ಗಾಕೋವನ ಉಪಾಯ. ಥಿಯೇಟರಿನ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಗೆ ಬೇಕಾದದ್ದು ನಟರ ಅಭಿನಯ. ನಿರೂಪಕ ಕತ್ತರಿಗೆ ಸಿಕ್ಕಿದ, 1932ರ ನವೆಂಬರಿನಲ್ಲಿ ನಾಟಕ ಅವನಿಲ್ಲದೆಯೇ ರಂಗವೇರಿತು. 1934ರಲ್ಲಿ ಇವಾನ್ ಪೀರ್ಯೆವ್‌ಗಾಗಿ ಬುಲ್ಗಾಕೋವ್ ಚಿತ್ರಕತೆಯನ್ನೂ ಬರೆದ. ಆ ಸಿನಿಮಾ ಆಗಲೇ ಇಲ್ಲ. 1960ರಲ್ಲಿ ಲಿಯೊನಿದ್ ತ್ರಾವ್‌ಬೆರ್ಗ್ ಆರ್ಟ್ ಥಿಯೇಟರಿನ ಪ್ರಯೋಗವನ್ನೇ ತೆರೆಗೆ ತಂದ.

ಕೊನೆಗೆ ಶ್ವೇಯ್ತ್ಸರ್ ಬಂದ. 1968ರಲ್ಲೇ ಇಲ್ಫ್ ಮತ್ತು ಪೆತ್ರೋವರ ‘ಚಿನ್ನದ ಕರು’ವನ್ನು ಸಿನಿಮಾ ಮಾಡಿ ವಿಡಂಬನೆಯಲ್ಲಿ ಕೈ ಪಳಗಿಸಿಕೊಂಡವನು. ಅವನು ಗೊಗೋಲನನ್ನೇ ಪಾತ್ರ ಮಾಡಿಬಿಟ್ಟ. ಅಲೆಕ್ಸಾಂದರ್ ತ್ರೋಫಿಮೋವ್ ಆ ವೇಷದಲ್ಲಿ ತೆರೆಗೆ ಬಂದು, ಪುಸ್ತಕದ ಮಾತನ್ನು ತಾನೇ ಆಡುತ್ತಾನೆ. ಇದು ಸಿನಿಮಾವೋ ಪಾರಾಯಣವೋ ಎಂದು ಗೊಣಗುವವರಿರಬಹುದು. ಯಕ್ಷಗಾನದ ಭಾಗವತನನ್ನು ಕಂಡ, 1971ರ ‘ಹಯವದನ’ ನಾಟಕದಲ್ಲಿ ಅದೇ ಭಾಗವತ ಪಾತ್ರಗಳೊಡನೆ ಮಾತಿಗಿಳಿಯುವುದನ್ನು ನೋಡಿದ ನನಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ. ಕತೆ ಇದ್ದ ಮೇಲೆ ಹೇಳುವವನು ಪಕ್ಕದಲ್ಲಿರಲೇಬೇಕಲ್ಲ! ಐದು ಕಂತು ಕೆಲವೆಡೆ ಎತ್ತಿನ ಗಾಡಿಯ ಹಾಗೆ ಸಾಗುತ್ತದೆ, ನಿಜ. ಆಲ್ಫ್ರೆಡ್ ಶ್ನಿತ್ಕೆಯ ಸಂಗೀತ ಅದನ್ನು ದೂಡಿಕೊಂಡು ಹೋಗುತ್ತದೆ.

ಚಿಚಿಕೋವ್ ಆಗಿರುವ ಅಲೆಕ್ಸಾಂದರ್ ಕಲ್ಯಾಗಿನ್ ಕಣ್ಣು ಕುಕ್ಕುವ ಖಳನಲ್ಲ. ದುಂಡು ಮುಖ, ಹದವಾದ ನಗು. ಪಕ್ಕದ ಮನೆಗೆ ಬಾಡಿಗೆಗೆ ಬಂದರೆ ಸಂತೋಷಪಡುತ್ತೇವೆ. ವ್ಯಾಚೆಸ್ಲಾವ್ ನೆವಿನ್ನಿ ಮಾಡಿರುವ ಸೊಬಾಕೆವಿಚ್ ಎದುರು ಕೂತಾಗಲೇ ಇವನ ಬೆವರು ಕಾಣುವುದು. ಸತ್ತುಹೋದ ಗಾಡಿ ಮಾಡುವವನ, ಬಡಗಿಯ ಕೈಚಳಕವನ್ನು ಹೊಗಳಿ ಹೊಗಳಿ ತಲೆಗೆ 100 ರೂಬಲ್ ಕೇಳುವ ಸೊಬಾಕೆವಿಚ್ ಕೊನೆಗೆ ಎರಡೂವರೆ ರೂಬಲ್‌ಗೆ ಇಳಿಯುತ್ತಾನೆ. ಆ ಆಳುಗಳನ್ನು ಕಸುಬಿನ ಸಮೇತ ನೆನೆಯುತ್ತಾನೆ, ನೆನೆಯುವುದು ದುಡ್ಡಿಗಾಗಿ.

ಕಾದಂಬರಿಯಲ್ಲಿ ಇನ್ನೊಂದು ಕಿಲಾಡಿತನವಿದೆ. ಬೆಲೆಯಿರುವುದು ಗಂಡಾಳಿಗೆ ಮಾತ್ರ. ಸೊಬಾಕೆವಿಚ್ ಪಟ್ಟಿಯಲ್ಲಿ ಎಲಿಜವೇತಾ ಎಂಬ ಹೆಂಗಸಿನ ಹೆಸರಿನ ಕೊನೆಯ ಅಕ್ಷರ ಬದಲಿಸಿ, ಗಂಡಸೆಂದು ಸೇರಿಸಿರುತ್ತಾನೆ. ಮುಂಗಡ ಕೊಟ್ಟಾದ ಮೇಲೆ ಅದು ಚಿಚಿಕೋವನ ಕಣ್ಣಿಗೆ ಬೀಳುತ್ತದೆ.

ಮುಂದಿನ ಶನಿವಾರ ಚಿಕ್ಕಪ್ಪನ ಫೋನ್. ವಂಶವೃಕ್ಷ ಸಿಕ್ಕಿದೆಯಂತೆ. ಅಜ್ಜನ ಹೆಸರು ಪಹಣಿಯಲ್ಲಿ ತಿಮ್ಮಪ್ಪ, ಮರಣ ಪತ್ರದಲ್ಲಿ ತಿಮ್ಮಪ.